ಕಾಸರಗೋಡು ಜಿಲ್ಲೆಯ ಹವಾಮಾನ ಮತ್ತು ಋತುಮಾನ

ಕಾಸರಗೋಡು ಕೇರಳದ ಉತ್ತರ ತುದಿಯ ಜಿಲ್ಲೆ. ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ಕರ್ನಾಟಕದ ದಕ್ಷಿಣ ಕನ್ನಡ, ಪೂರ್ವದ ಗಡಿಯಲ್ಲಿ ದಕ್ಷಿಣ ಕನ್ನಡ ಮತ್ತು ಕೊಡಗು, ದಕ್ಷಿಣಕ್ಕೆ ಕಣ್ಣೂರು ಜಿಲ್ಲೆ. 1956ರ ನವೆಂಬರ್ 1ರಂದು ಕೇರಳ ರಾಜ್ಯ ರಚನೆಯಾಗುವವರೆಗೆ ಈ ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1984ರ ಮೇ 24ರಂದು ಕಣ್ಣೂರಿನಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಮಂಜೇಶ್ವರ, ಕಾಸರಗೋಡು, ಹೊಸದುರ್ಗ, ವೆಳ್ಳರಿಕುಂಡ್ ಇದರ ನಾಲ್ಕು ತಾಲೂಕುಗಳು. ವಿಸ್ತೀರ್ಣ ಸುಮಾರು 1,990 ಚದರ ಕಿಲೋಮೀಟರ್.

ಹವಾಮಾನದ ದೃಷ್ಟಿಯಿಂದ ಇದು ಉಷ್ಣವಲಯದ ಮಾನ್ಸೂನ್ ಪ್ರದೇಶ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ, ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಮುಗಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ ಇಲ್ಲವೆಂದೇ ಹೇಳಬಹುದು. ಜುಲೈ-ಆಗಸ್ಟ್‌ನ ಆಟಿ ತಿಂಗಳಲ್ಲಿ ಅಂಗಳದವರೆಗೆ ನೀರು ಏರುವ ಊರಿನಲ್ಲೇ ಮಾರ್ಚ್ ಕಳೆಯುವಷ್ಟರಲ್ಲಿ ಬಾವಿಯ ತಳ ಕಾಣುವುದು ಈ ಜಿಲ್ಲೆಯ ಹವಾಮಾನದ ಮುಖ್ಯ ಲಕ್ಷಣ. ಇಲ್ಲಿನ ಬೇಸಾಯ, ಮನೆ ಕಟ್ಟುವ ರೀತಿ, ಊಟ, ಹಬ್ಬ, ಆರಾಧನೆ ಎಲ್ಲವೂ ಈ ಎರಡು ತುದಿಗಳ ನಡುವೆ ರೂಪುಗೊಂಡಿವೆ.

ಭೂರಚನೆ

ಜಿಲ್ಲೆಯನ್ನು ಪಶ್ಚಿಮದಿಂದ ಪೂರ್ವಕ್ಕೆ ಮೂರು ಪಟ್ಟಿಗಳಾಗಿ ವಿಂಗಡಿಸಬಹುದು. ಮೊದಲನೆಯದು ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಹಬ್ಬಿರುವ ಮರಳಿನ ಕರಾವಳಿ. ಅದರ ದಕ್ಷಿಣ ತುದಿಯಲ್ಲಿ ಕವ್ವಾಯಿ ಹಿನ್ನೀರು, ವಲಿಯಪರಂಬ ದ್ವೀಪ. ಎರಡನೆಯದು ಮುರಕಲ್ಲಿನ ಗುಡ್ಡೆಗಳು ಮತ್ತು ಅವುಗಳ ನಡುವಿನ ಬೈಲುಗಳ ನಡುನಾಡು. ಮೂರನೆಯದು ಕೊಡಗಿನ ಗಡಿಗೆ ತಾಗಿಕೊಂಡ ಮಲೆನಾಡು. ಪಾಣತ್ತೂರು, ರಾಜಪುರ, ಮಾಲೋಂ, ಚಿಟ್ಟಾರಿಕಲ್ ಈ ಭಾಗದಲ್ಲಿವೆ. ಇಲ್ಲಿನ ರಾಣಿಪುರ, ಅಂದರೆ ಹಳೆಯ ಮಾಡತ್ತುಮಲ, ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ತುಸು ಎತ್ತರದಲ್ಲಿದೆ.

ಕೇರಳದ 44 ನದಿಗಳಲ್ಲಿ 12 ಈ ಚಿಕ್ಕ ಜಿಲ್ಲೆಯಲ್ಲಿ ಹರಿಯುತ್ತವೆ. ಪಯಸ್ವಿನಿಯನ್ನು ಕೂಡಿಕೊಂಡು ಹರಿಯುವ ಚಂದ್ರಗಿರಿ ಅತಿ ಉದ್ದದ ನದಿ, ಸುಮಾರು 105 ಕಿ.ಮೀ. ಇದರ ಮೂಲ ಕೊಡಗಿನ ಬೆಟ್ಟಗಳಲ್ಲಿದೆ. ತೇಜಸ್ವಿನಿ ಎಂದೂ ಕರೆಯುವ ಕಾರ್ಯಂಗೋಡು ಹೊಳೆಯೂ ಪೂರ್ವದ ಕಾಡುಗಳಿಂದ ಇಳಿದುಬರುತ್ತದೆ. ಶಿರಿಯ, ಉಪ್ಪಳ, ಮೊಗ್ರಾಲ್, ನೀಲೇಶ್ವರ, ಚಿತ್ತಾರಿ, ಮಂಜೇಶ್ವರ, ಕುಂಬಳೆ ಹೊಳೆಗಳು ಇನ್ನೂ ಚಿಕ್ಕವು. ಕೆಲವು ನಡುನಾಡಿನ ಗುಡ್ಡೆಗಳಲ್ಲೇ ಹುಟ್ಟಿ ಹತ್ತಾರು ಕಿಲೋಮೀಟರ್‌ಗಳಲ್ಲಿ ಕಡಲು ಸೇರುತ್ತವೆ. ಇಳಿಜಾರು ಹೆಚ್ಚು, ಹರಿವಿನ ದೂರ ಕಡಿಮೆ. ಹೀಗಾಗಿ ಗುಡ್ಡೆಯ ಮೇಲೆ ಬಿದ್ದ ಮಳೆ ಬಹುಬೇಗ ಕಡಲಿಗೆ ಸೇರಿಬಿಡುತ್ತದೆ. ಮುರಕಲ್ಲಿಗೂ ಇದರಲ್ಲಿ ಪಾತ್ರವಿದೆ. ಮೇಲ್ಪದರ ಗಟ್ಟಿಯಾಗಿರುವ ಪದವುಗಳಲ್ಲಿ ನೀರು ಇಂಗದೆ ಹರಿದುಹೋಗುತ್ತದೆ. ಒಳಪದರದಲ್ಲಿ ತೂತುಗಳಿರುವ ಕಡೆ ಇಂಗಿದ ನೀರೂ ಹೆಚ್ಚು ಕಾಲ ನಿಲ್ಲದೆ ಒರತೆಯಾಗಿ ಹೊರಬರುತ್ತದೆ.

ಋತುಗಳ ಲೆಕ್ಕ

ಭಾರತ ಹವಾಮಾನ ಇಲಾಖೆಯ ವಿಭಜನೆಯಂತೆ ಇಲ್ಲಿ ನಾಲ್ಕು ಋತುಗಳು: ಮಾರ್ಚ್‌ನಿಂದ ಮೇವರೆಗೆ ಬೇಸಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾನ್ಸೂನ್, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮಾನ್ಸೂನ್, ಜನವರಿ ಮತ್ತು ಫೆಬ್ರವರಿ ಚಳಿಗಾಲ. ಜನರ ಬಾಯಲ್ಲಿ ಉಳಿದಿರುವುದು ಸೌರಮಾನದ ತಿಂಗಳುಗಳು. ತುಳುವರು ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂದು ಎಣಿಸುತ್ತಾರೆ. ಮಲಯಾಳಿಗಳು ಮೇಡಂ, ಇಡವಂ, ಮಿಥುನಂ, ಕರ್ಕಟಕಂ, ಚಿಂಙಂ ಎನ್ನುತ್ತಾರೆ. ಹೆಸರು ಬೇರೆಯಾದರೂ ತಿಂಗಳು ಒಂದೇ, ಸಂಕ್ರಮಣವೂ ಒಂದೇ. ಮುಂಗಾರನ್ನು ಮಲಯಾಳಿಗಳು ಇಡವಪ್ಪಾದಿ ಎಂದೂ ಹಿಂಗಾರನ್ನು ತುಲಾವರ್ಷ ಎಂದೂ ಕರೆಯುವುದು ಆಯಾ ತಿಂಗಳುಗಳಿಂದಲೇ.

ಕೃಷಿಕರು ಇದರ ಜೊತೆಗೆ ಮಳೆನಕ್ಷತ್ರಗಳ ಲೆಕ್ಕವನ್ನೂ ಇಟ್ಟುಕೊಳ್ಳುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು-ಹದಿನಾಲ್ಕು ದಿನಗಳಿಗೆ ಆ ನಕ್ಷತ್ರದ ಹೆಸರು. ಮೃಗಶಿರ ಜೂನ್ ಮೊದಲ ವಾರದ ಕೊನೆಗೆ ಹಿಡಿಯುತ್ತದೆ, ಆರ್ದ್ರಾ ಜೂನ್ 21ರ ಸುಮಾರಿಗೆ. ಕಾಳುಮೆಣಸಿನ ಬಳ್ಳಿ ನಡಲು ಆರ್ದ್ರಾ ಮಳೆಯೇ ಒಳ್ಳೆಯದೆಂಬುದು ಕನ್ನಡ, ತುಳು, ಮಲಯಾಳ ಮೂರೂ ಭಾಷೆಯ ಕೃಷಿಕರ ಒಮ್ಮತ. ಮಲಯಾಳಿಗಳಿಗೆ ಅದು ತಿರುವಾದಿರ ಞಾಟ್ಟುವೇಲ. ಬಿಟ್ಟು ಬಿಟ್ಟು ಸುರಿಯುವ ಮಳೆ, ನೆನೆದರೂ ಕೊಚ್ಚಿಹೋಗದ ಮಣ್ಣು, ನಡುನಡುವೆ ಬಿಸಿಲು ಇವು ಬಳ್ಳಿ ಬೇರೂರಲು ಬೇಕಾದವು. ಸಾಮಾನ್ಯ ವರ್ಷದಲ್ಲಿ ಈ ಮೂರೂ ಒಟ್ಟಿಗೆ ದೊರೆಯುವುದು ಆಗಲೇ.

ಬೇಸಗೆ

ಜಿಲ್ಲೆ ಇರುವುದು ಸುಮಾರು 12ರಿಂದ 12.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಸೂರ್ಯ ಇಲ್ಲಿ ವರ್ಷಕ್ಕೆ ಎರಡು ಬಾರಿ ನೆತ್ತಿಯ ಮೇಲೆ ಬರುತ್ತಾನೆ: ಏಪ್ರಿಲ್ ನಾಲ್ಕನೇ ವಾರದಲ್ಲಿ ಒಮ್ಮೆ, ಆಗಸ್ಟ್ ಮೂರನೇ ವಾರದಲ್ಲಿ ಇನ್ನೊಮ್ಮೆ. ಆಗಸ್ಟ್‌ನಲ್ಲಿ ಮೋಡ ಅಡ್ಡವಾಗುತ್ತದೆ. ಏಪ್ರಿಲ್‌ನಲ್ಲಿ ಅಡ್ಡ ಏನೂ ಇರುವುದಿಲ್ಲ. ಕರಾವಳಿಯಲ್ಲಿ ಮಾರ್ಚ್-ಏಪ್ರಿಲ್‌ನ ಸರಾಸರಿ ಗರಿಷ್ಠ ಉಷ್ಣತೆ 33ರಿಂದ 34 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಯ ಬಿಸಿಲಿನ ಮುಂದೆ ಈ ಅಂಕಿ ಚಿಕ್ಕದೇ. ಆದರೆ ಗಾಳಿಯಲ್ಲಿ ನೀರಿನಂಶ ಹೆಚ್ಚಾಗಿರುವುದರಿಂದ ಬೆವರು ಆರುವುದಿಲ್ಲ. ರಾತ್ರಿಯ ಉಷ್ಣತೆಯೂ 25 ಡಿಗ್ರಿಗಿಂತ ಕೆಳಗೆ ಇಳಿಯಲು ಒಪ್ಪುವುದಿಲ್ಲ. ಕರಾವಳಿಯ ಜನ ಇದನ್ನು ಬಿಸಿಲು ಎನ್ನುವುದಕ್ಕಿಂತ ಸೆಕೆ ಎನ್ನುವುದೇ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಬೀಸುವ ಕಡಲಗಾಳಿ ತೀರದ ಊರುಗಳಿಗೆ ತುಸು ನೆಮ್ಮದಿ ಕೊಡುತ್ತದೆ. ಗುಡ್ಡೆಗಳ ಮರೆಯಲ್ಲಿರುವ ಒಳನಾಡಿನ ಬೈಲುಗಳಿಗೆ ಅದು ಕಷ್ಟದಲ್ಲಿ ತಲುಪುತ್ತದೆ. ಹೀಗಾಗಿ ದಿನದ ಗರಿಷ್ಠ ಉಷ್ಣತೆ ತೀರಕ್ಕಿಂತ ಒಳನಾಡಿನಲ್ಲೇ ಹೆಚ್ಚಾಗಿರುವುದುಂಟು.

ಹವಾಮಾನ ಇಲಾಖೆಯ ಮಾನದಂಡದಲ್ಲಿ ಬಯಲುಸೀಮೆಗೆ 40 ಡಿಗ್ರಿ ಮುಟ್ಟಿದರೆ ಮಾತ್ರ ಬಿಸಿಗಾಳಿಯ ಮಾತು ಬರುತ್ತದೆ. ಕರಾವಳಿಗೆ ಆ ಮಿತಿ 37 ಡಿಗ್ರಿ, ಜೊತೆಗೆ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಏರಿಕೆ ಇರಬೇಕು. ಸೆಕೆಯ ನಾಡಿನಲ್ಲಿ 37 ಡಿಗ್ರಿಯೇ ದೇಹಕ್ಕೆ ಹೊರೆ ಎಂಬುದು ಇದರ ಹಿಂದಿನ ತರ್ಕ. ಈಚಿನ ಬೇಸಗೆಗಳಲ್ಲಿ ಕಾಸರಗೋಡಿಗೂ ಉಷ್ಣತೆಯ ಎಚ್ಚರಿಕೆಗಳು ಬಂದಿವೆ.

ಏಪ್ರಿಲ್ ನಡುವಿನ ವಿಷು, ತುಳುವರ ಬಿಸು, ಕಕ್ಕೆಮರ ಹೂಬಿಡುವ ಕಾಲ. ಅಲ್ಲಿಂದ ಮುಂದೆ ಸಂಜೆಯ ಹೊತ್ತು ಪೂರ್ವದ ಬೆಟ್ಟಗಳ ಮೇಲೆ ಮೋಡ ಕಟ್ಟುತ್ತದೆ, ಗುಡುಗು-ಸಿಡಿಲಿನೊಡನೆ ಬೇಸಗೆ ಮಳೆ ಬರುತ್ತದೆ. ಮಾರ್ಚ್‌ನಿಂದ ಮೇವರೆಗಿನ ಒಟ್ಟು ಮಳೆ ಸಾಮಾನ್ಯವಾಗಿ 200ರಿಂದ 300 ಮಿ.ಮೀ. ಪ್ರಮಾಣ ಸಣ್ಣದು, ಉಪಕಾರ ದೊಡ್ಡದು. ತೋಟದ ನೀರಿನ ಹೊರೆ ಇಳಿಯುವುದು, ಗುಡ್ಡೆಯ ಹುಲ್ಲು ಚಿಗುರುವುದು, ಏಣೇಲು ಎಂಬ ಮಳೆಗಾಲದ ಭತ್ತದ ಬೇಸಾಯಕ್ಕೆ ಗದ್ದೆ ಉಳಲು ಮಣ್ಣು ಸಡಿಲವಾಗುವುದು ಈ ಮಳೆಯಿಂದ. ಪೂರ್ವದ ಮಲೆನಾಡಿಗೆ ಇದರ ಪಾಲು ಕರಾವಳಿಗಿಂತ ಮೊದಲೇ ಸಿಗುತ್ತದೆ.

ಮುಂಗಾರು

ಕೇರಳಕ್ಕೆ ಮುಂಗಾರು ಪ್ರವೇಶಿಸುವ ವಾಡಿಕೆಯ ದಿನ ಜೂನ್ 1. ಅದನ್ನು ಘೋಷಿಸಲು ಹವಾಮಾನ ಇಲಾಖೆ ನೋಡುವುದು 14 ಕೇಂದ್ರಗಳ ಮಳೆಯನ್ನು. ಮಿನಿಕಾಯ್‌ನಿಂದ ಆರಂಭವಾಗುವ ಈ ಪಟ್ಟಿಯಲ್ಲಿ ಕಾಸರಗೋಡು ಪೇಟೆಯ ಪಕ್ಕದ ಕೂಡ್ಲು ಇದೆ, ಅದರ ಮುಂದೆ ಮಂಗಳೂರು ಇದೆ. ಮೇ 10ರ ನಂತರ ಇವುಗಳಲ್ಲಿ ಶೇಕಡ 60ರಷ್ಟು ಕೇಂದ್ರಗಳು ಎರಡು ದಿನ ಸತತವಾಗಿ 2.5 ಮಿ.ಮೀ. ಅಥವಾ ಹೆಚ್ಚಿನ ಮಳೆ ದಾಖಲಿಸಿ, ಅರಬ್ಬೀ ಸಮುದ್ರದ ಮೇಲಿನ ಪಶ್ಚಿಮದ ಗಾಳಿಯ ಆಳ ಮತ್ತು ವೇಗ ಹಾಗೂ ಮೋಡದ ಹೊದಿಕೆ ನಿಗದಿತ ಮಟ್ಟ ಮುಟ್ಟಿದರೆ ಎರಡನೇ ದಿನ ಮುಂಗಾರು ಬಂತೆಂದು ಘೋಷಣೆಯಾಗುತ್ತದೆ. ದಿನಾಂಕ ವರ್ಷದಿಂದ ವರ್ಷಕ್ಕೆ ಜಾರುತ್ತದೆ: 2019ರಲ್ಲಿ ಜೂನ್ 8, 2021ರಲ್ಲಿ ಜೂನ್ 3, 2023ರಲ್ಲಿ ಮತ್ತೆ ಜೂನ್ 8, 2024ರಲ್ಲಿ ಮೇ 30, 2025ರಲ್ಲಿ ಮೇ 24.

ಮಳೆ ಇಷ್ಟು ಜೋರಾಗಲು ಕಾರಣ ಮೂರು. ಆಫ್ರಿಕದ ಸೊಮಾಲಿಯಾ ತೀರದಿಂದ ಅರಬ್ಬೀ ಸಮುದ್ರವನ್ನು ದಾಟಿ ಬರುವ ಕೆಳಮಟ್ಟದ ವೇಗದ ಗಾಳಿ ದಾರಿಯುದ್ದಕ್ಕೂ ಕಡಲಿನ ತೇವವನ್ನು ಹೀರಿಕೊಂಡಿರುತ್ತದೆ. ಪಶ್ಚಿಮ ಘಟ್ಟ ಅದಕ್ಕೆ ಅಡ್ಡ ನಿಂತು ಮೇಲೇರಿಸಿದಾಗ ತೇವ ಮಳೆಯಾಗುತ್ತದೆ. ಇದರ ಜೊತೆಗೆ ಕರ್ನಾಟಕ-ಕೇರಳ ತೀರದುದ್ದಕ್ಕೂ ಆಗಾಗ ಕಡಿಮೆ ಒತ್ತಡದ ಪಟ್ಟಿ ಏರ್ಪಟ್ಟು ದಿನಗಟ್ಟಲೆ ಜಡಿಮಳೆ ಸುರಿಯುತ್ತದೆ. ಕೇರಳದ ಉತ್ತರ ಭಾಗಕ್ಕೆ ಈ ಮೂರೂ ಧಾರಾಳವಾಗಿ ಒದಗುತ್ತವೆ. ಹೀಗಾಗಿ ರಾಜ್ಯದಲ್ಲೇ ಹೆಚ್ಚು ಮುಂಗಾರು ಮಳೆಯ ವಾಡಿಕೆ ಇರುವುದು ಕಾಸರಗೋಡಿಗೆ, ನಾಲ್ಕು ತಿಂಗಳಿಗೆ ಸುಮಾರು 2,850 ಮಿ.ಮೀ. ಇಡೀ ಕೇರಳದ ಸರಾಸರಿ ಸುಮಾರು 2,020 ಮಿ.ಮೀ., ದೇಶದ ಸರಾಸರಿ 870 ಮಿ.ಮೀ. ಆಸುಪಾಸು. ಜೂನ್ ಮತ್ತು ಜುಲೈ ಒಂದೊಂದೂ ಸಾವಿರ ಮಿ.ಮೀ. ಹತ್ತಿರಕ್ಕೆ ಬರುತ್ತವೆ. ಬೆಂಗಳೂರಿಗೆ ವರ್ಷವಿಡೀ ಬೀಳುವಷ್ಟು ನೀರು ಇಲ್ಲಿ ಜುಲೈ ಒಂದರಲ್ಲೇ ಬೀಳುತ್ತದೆ. ಆಗಸ್ಟ್‌ನಿಂದ ಮಳೆ ಇಳಿಮುಖವಾಗುತ್ತದೆ. ಸೋಣ ತಿಂಗಳಲ್ಲಿ ಬಿಸಿಲು-ಮಳೆ ಸರದಿಯಲ್ಲಿ ಬರುತ್ತವೆ.

ನಾಲ್ಕು ತಿಂಗಳೂ ಒಂದೇ ಸಮನೆ ಮಳೆ ಸುರಿಯುವುದಿಲ್ಲ. ವಾರಗಟ್ಟಲೆ ಬಿರುಸಾಗಿ ಹೊಡೆದ ಮೇಲೆ ಮಾನ್ಸೂನ್ ಒತ್ತಡದ ಪಟ್ಟಿ ಹಿಮಾಲಯದ ಬುಡಕ್ಕೆ ಸರಿದಾಗ ಇಲ್ಲಿ ಹೊಳವಾಗುತ್ತದೆ. ಒಂದು ದಿನಕ್ಕೆ 64.5 ಮಿ.ಮೀ. ಮೀರಿದರೆ ಇಲಾಖೆಯ ಭಾಷೆಯಲ್ಲಿ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.4 ಮೀರಿದರೆ ವಿಪರೀತ ಮಳೆ. ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳು ಈ ಲೆಕ್ಕದ ಮೇಲೆ ನಿಂತಿವೆ. ಜಿಲ್ಲಾಧಿಕಾರಿ ಶಾಲೆಗಳಿಗೆ ರಜೆ ಸಾರುವುದೂ ಇವನ್ನು ನೋಡಿಯೇ.

ಹೊಳೆಗಳು ತುಂಬಿದಾಗ ಮೊದಲು ಮುಳುಗುವುದು ಬೈಲು. ಮಧುವಾಹಿನಿ ಹೊಳೆ ಉಕ್ಕಿದ ದಿನಗಳಲ್ಲಿ ಮಧೂರಿನ ಮದನಂತೇಶ್ವರ ಸಿದ್ಧಿವಿನಾಯಕ ದೇವಸ್ಥಾನದ ಅಂಗಳಕ್ಕೆ ನೀರು ನುಗ್ಗುತ್ತದೆ. ಜಿಲ್ಲೆಯ ದಕ್ಷಿಣದಲ್ಲಿ ತೇಜಸ್ವಿನಿ ಉಕ್ಕಿದರೆ ನೀಲೇಶ್ವರ, ಕಯ್ಯೂರು ಕಡೆಯ ತಗ್ಗುಪ್ರದೇಶಗಳಿಗೆ ಅಪಾಯ. 2019ರ ಆಗಸ್ಟ್‌ನಲ್ಲಿ ಅಲ್ಲಿ ದೊಡ್ಡ ನೆರೆ ಬಂತು. ಅದರ ಹಿಂದಿನ ವರ್ಷ ನಡೆದದ್ದು ತಿರುವುಮುರುವು. 2018ರ ಮಹಾಪ್ರಳಯದ ಸಾಲಿನಲ್ಲಿ, ಜೂನ್ 1ರಿಂದ ಆಗಸ್ಟ್ 19ರವರೆಗೆ, ಕೇರಳದಲ್ಲಿ ವಾಡಿಕೆಗಿಂತ ಶೇಕಡ 42ರಷ್ಟು ಹೆಚ್ಚು ಮಳೆಯಾಯಿತು. ವಾಡಿಕೆಗಿಂತ ಕಡಿಮೆ ಪಡೆದದ್ದು ಕಾಸರಗೋಡು ಒಂದೇ, ಶೇಕಡ 12ರಷ್ಟು ಕೊರತೆ. ಆದರೂ ಅಲ್ಲಿ ಬಿದ್ದ ಮಳೆ 2,287 ಮಿ.ಮೀ.; ಪ್ರಳಯ ಕಂಡ ಹಲವು ಜಿಲ್ಲೆಗಳಿಗೂ ಅಷ್ಟು ಬಿದ್ದಿರಲಿಲ್ಲ.

ಹಿಂಗಾರು

ನೈಋತ್ಯ ಮಾನ್ಸೂನ್ ಅಕ್ಟೋಬರ್ ನಡುವಿಗೆ ಹಿಂದೆ ಸರಿಯುತ್ತದೆ. ತುಲಾ ತಿಂಗಳಲ್ಲಿ, ತುಳುವರ ಬೊಂತೆಲ್‌ನಲ್ಲಿ, ತುಲಾವರ್ಷ ಆರಂಭವಾಗುತ್ತದೆ. ಇದರ ಸ್ವಭಾವ ಬೇರೆ: ಬೆಳಿಗ್ಗೆ ತಿಳಿಯಾದ ಆಕಾಶ, ಮಧ್ಯಾಹ್ನದ ಮೇಲೆ ಪೂರ್ವದಿಂದ ಮೋಡ, ಸಂಜೆ ಕಿವಿಗಡಚಿಕ್ಕುವ ಸಿಡಿಲಿನೊಡನೆ ಒಂದೆರಡು ಗಂಟೆಯ ಮಳೆ. ಸಿಡಿಲಿನಿಂದ ಜೀವಹಾನಿ ಆಗುವುದು ಈ ಕಾಲದಲ್ಲಿ ಮತ್ತು ಏಪ್ರಿಲ್-ಮೇಯಲ್ಲಿ.

ಈಶಾನ್ಯ ಮಾನ್ಸೂನಿಗೆ ನೀರು ಕೊಡುವುದು ಬಂಗಾಳ ಕೊಲ್ಲಿ. ತಮಿಳುನಾಡನ್ನು ದಾಟಿ ಘಟ್ಟ ಇಳಿಯುವಷ್ಟರಲ್ಲಿ ಅದರ ಬಲ ಕುಗ್ಗಿರುತ್ತದೆ. ಕೇರಳದ ಒಳಗೂ ದಕ್ಷಿಣದಿಂದ ಉತ್ತರಕ್ಕೆ ಬಂದಂತೆ ಅದರ ಪಾಲು ಕಡಿಮೆಯಾಗುತ್ತದೆ. ತಿರುವನಂತಪುರ, ಕೊಲ್ಲಂ, ಪತ್ತನಂತಿಟ್ಟ ಜಿಲ್ಲೆಗಳಿಗೆ ಹಿಂಗಾರು ಎರಡನೇ ಮಳೆಗಾಲವೇ ಆಗಿದ್ದರೆ ಕಾಸರಗೋಡಿನಲ್ಲಿ ಅದು ಮುಂಗಾರಿನ ಬಾಲದಂತೆ ಬಂದು ಹೋಗುತ್ತದೆ. ಜಿಲ್ಲೆಯ ಬೇಸಗೆಯ ನೀರಿನ ಕಷ್ಟಕ್ಕೆ ಇದು ಮುಖ್ಯ ಕಾರಣ. ದಕ್ಷಿಣದವರಿಗೆ ಡಿಸೆಂಬರ್‌ವರೆಗೂ ಅಂತರ್ಜಲ ತುಂಬುತ್ತಿರುತ್ತದೆ. ಇಲ್ಲಿ ನವೆಂಬರ್ ಕಳೆದರೆ ಮತ್ತೆ ಮಳೆ ನೋಡಲು ಏಪ್ರಿಲ್ ಬರಬೇಕು.

ಚಳಿಗಾಲ

ಕಾಸರಗೋಡಿನಲ್ಲಿ ಹಿಮ ಬೀಳುವುದಿಲ್ಲ. ಚಳಿಗಾಲ ಎಂದರೆ ಬೆಳಗಿನ ಮಂಜು, ಹುಲ್ಲಿನ ಮೇಲಿನ ಇಬ್ಬನಿ, ಒಣ ಮೂಡುಗಾಳಿ. ಕರಾವಳಿಯಲ್ಲಿ ಜನವರಿಯ ಸರಾಸರಿ ಕನಿಷ್ಠ ಉಷ್ಣತೆ 20-21 ಡಿಗ್ರಿ, ಒಳನಾಡಿನ ಬೈಲುಗಳಲ್ಲಿ ಅದಕ್ಕಿಂತ ತುಸು ಕಡಿಮೆ. ಜಿಲ್ಲೆಯಲ್ಲಿ ನಿಜವಾದ ತಂಪು ಇರುವುದು ರಾಣಿಪುರ, ಕೋಟ್ಟಂಚೇರಿ ಮೊದಲಾದ ಗಡಿಬೆಟ್ಟಗಳಲ್ಲಿ. ಅಲ್ಲಿನ ಹುಲ್ಲುಗಾವಲು ಮತ್ತು ಶೋಲಾ ಕಾಡುಗಳ ಮೇಲೆ ವರ್ಷದ ಬಹುಭಾಗ ಮಂಜು ಸುಳಿದಾಡುತ್ತದೆ. ಪ್ರವಾಸಿಗರು ರಾಣಿಪುರವನ್ನು ಕೇರಳದ ಊಟಿ ಎಂದು ಹೊಗಳುವುದಿದೆ. ಊಟಿಯ ಎತ್ತರ ಅದರ ಎರಡರಷ್ಟಕ್ಕಿಂತ ಹೆಚ್ಚು, ಅಲ್ಲಿನ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವುದೂ ಉಂಟು. ರಾಣಿಪುರದಲ್ಲಿ ಒಂದು ಕಂಬಳಿ ಸಾಕು.

ಉಷ್ಣತೆಯ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಜನವರಿಯ ಮಧ್ಯಾಹ್ನ ಕರಾವಳಿಯಲ್ಲಿ 32 ಡಿಗ್ರಿ ದಾಟುತ್ತದೆ, ಜುಲೈಯ ಮಧ್ಯಾಹ್ನ 29ನ್ನೂ ಮುಟ್ಟುವುದಿಲ್ಲ. ಹಗಲು ಅತ್ಯಂತ ತಂಪಾಗಿರುವುದು ಮಳೆಗಾಲದಲ್ಲಿ, ರಾತ್ರಿ ಅತ್ಯಂತ ತಂಪಾಗಿರುವುದು ಚಳಿಗಾಲದಲ್ಲಿ. ಜನವರಿಯಲ್ಲಿ ಹಗಲು-ರಾತ್ರಿಗಳ ಅಂತರ 11-12 ಡಿಗ್ರಿ, ಜುಲೈಯಲ್ಲಿ ಐದಾರು ಡಿಗ್ರಿ ಅಷ್ಟೆ. ವರ್ಷದ ಅತಿ ದೀರ್ಘ ಹಗಲು ಸುಮಾರು 12 ಗಂಟೆ 50 ನಿಮಿಷ, ಅತಿ ಚಿಕ್ಕದು ಸುಮಾರು 11 ಗಂಟೆ 25 ನಿಮಿಷ. ಸೂರ್ಯನ ಓಟಕ್ಕಿಂತ ಮೋಡ ಮತ್ತು ಕಡಲು ಇಲ್ಲಿನ ಉಷ್ಣತೆಯನ್ನು ಹೆಚ್ಚಾಗಿ ಆಳುತ್ತವೆ.

ನೀರು ಹಿಡಿಯುವ ಉಪಾಯಗಳು

ಮಳೆ ಮುಗಿದು ಮರುಮಳೆ ಬರುವವರೆಗಿನ ಐದಾರು ತಿಂಗಳು ಕಳೆಯಲು ಇಲ್ಲಿನ ಜನ ಮಾಡಿಕೊಂಡ ಏರ್ಪಾಡುಗಳು ದೇಶದ ಗಮನ ಸೆಳೆದಿವೆ. ಅವುಗಳಲ್ಲಿ ಮೊದಲನೆಯದು ಸುರಂಗ. ಮುರಕಲ್ಲಿನ ಗುಡ್ಡೆಯ ಬದಿಗೆ ಆಳುದ್ದದ, ಒಬ್ಬ ಮನುಷ್ಯ ನುಸುಳುವಷ್ಟು ಅಗಲದ ಅಡ್ಡಬಾವಿಯನ್ನು ಪಿಕ್ಕಾಸಿನಿಂದ ಕೊರೆಯುತ್ತಾರೆ. ಒರತೆ ಸಿಗುವವರೆಗೆ ಕೊರೆತ ಸಾಗುತ್ತದೆ. ಕೆಲವು ನೂರಾರು ಅಡಿ ಒಳಹೋಗುತ್ತವೆ. ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುವುದರಿಂದ ನೀರು ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಕೆರೆಗೋ ತೊಟ್ಟಿಗೋ ಬೀಳುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಗಳಲ್ಲಿ ಮತ್ತು ಗಡಿಯಾಚೆಯ ಬಂಟ್ವಾಳ, ಪುತ್ತೂರು ತಾಲೂಕುಗಳ ಹಳ್ಳಿಗಳಲ್ಲಿ ಇವು ಹೆಚ್ಚು.

ಎರಡನೆಯದು ಕಟ್ಟ. ಮಳೆಗಾಲದ ನಂತರ ತೋಡಿನ ಹರಿವು ಇಳಿದಾಗ ಊರವರು ಸೇರಿ ಕಲ್ಲು, ಮಣ್ಣು ಹಾಕಿ ತಾತ್ಕಾಲಿಕ ಒಡ್ಡು ಕಟ್ಟುತ್ತಾರೆ. ಮುಂದಿನ ಮುಂಗಾರು ಅದನ್ನು ಕೊಚ್ಚಿಕೊಂಡು ಹೋಗುತ್ತದೆ. ಏತಡ್ಕದಲ್ಲಿ ಒಂದೇ ತೋಡಿಗೆ ಸಾಲಾಗಿ ಕಟ್ಟಗಳನ್ನು ಕಟ್ಟುವ ಪದ್ಧತಿ ಉಳಿದುಬಂದಿದೆ. ಕಟ್ಟದಲ್ಲಿ ನಿಂತ ನೀರು ಎರಡೂ ದಡದ ತೋಟಗಳಿಗೆ ಇಂಗಿ ಬಾವಿಗಳಿಗೆ ಜೀವ ಕೊಡುತ್ತದೆ. ಮೂರನೆಯದು ಗುಡ್ಡೆಯ ಮೇಲಿನ ತಗ್ಗುಗಳಲ್ಲಿ ಮಳೆನೀರು ನಿಲ್ಲಿಸುವ ಮದಕ ಮತ್ತು ಪಳ್ಳಗಳು; ಇವು ಕೆಳಗಿನ ಬೈಲಿನ ಒರತೆಗಳ ತಾಯಿಬೇರು. ಈ ಪದ್ಧತಿಗಳನ್ನು ಲೋಕಕ್ಕೆ ಪರಿಚಯಿಸಿದವರಲ್ಲಿ ಜಿಲ್ಲೆಯವರೇ ಆದ, 'ಅಡಿಕೆ ಪತ್ರಿಕೆ'ಯ ಸಂಪಾದಕ ಶ್ರೀಪಡ್ರೆಯವರು ಮುಖ್ಯರು.

ಕೊಳವೆಬಾವಿ ಬಂದ ಮೇಲೆ ಇವುಗಳಲ್ಲಿ ಹಲವು ಪಾಳುಬಿದ್ದವು. ಕೇಂದ್ರ ಅಂತರ್ಜಲ ಮಂಡಳಿಯ ವರ್ಗೀಕರಣದಲ್ಲಿ ಕಾಸರಗೋಡು ಬ್ಲಾಕ್ ಗಂಭೀರ ವರ್ಗಕ್ಕೆ ಸೇರಿದ್ದುಂಟು. ಕೇರಳದಲ್ಲಿ ಆ ಹಂತಕ್ಕೆ ಹೋದ ಬ್ಲಾಕ್‌ಗಳು ಬೆರಳೆಣಿಕೆಯಷ್ಟು. ಬೇಸಗೆಯಲ್ಲಿ ಹರಿವು ಕುಗ್ಗಿದಾಗ ಹೊಳೆಗಳ ಕೆಳಭಾಗಕ್ಕೆ ಉಪ್ಪುನೀರು ಏರುತ್ತದೆ. ಕಾಸರಗೋಡು ಪೇಟೆಗೆ ಕುಡಿಯುವ ನೀರು ಹೋಗುವ ಬಾವಿಕ್ಕರೆಯಲ್ಲಿ ಇದನ್ನು ತಡೆಯಲು ವರ್ಷವೂ ಮರಳಿನ ಚೀಲಗಳ ಒಡ್ಡು ಹಾಕಬೇಕಾಗುತ್ತಿತ್ತು. ಈಗ ಅಲ್ಲಿ ಶಾಶ್ವತ ರೆಗ್ಯುಲೇಟರ್ ಇದೆ.

ಬೇಸಾಯ ಮತ್ತು ಹವೆ

ಗದ್ದೆಗಳನ್ನು ಇಲ್ಲಿ ನೀರಿನ ಆಧಾರದ ಮೇಲೆಯೇ ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದರು. ಬೆಟ್ಟು ಗದ್ದೆಗೆ ಮಳೆಯೇ ಗತಿ, ವರ್ಷಕ್ಕೆ ಒಂದು ಬೆಳೆ. ಮಜಲಿನಲ್ಲಿ ಎರಡು. ತೋಡಿನ ಪಕ್ಕದ ಬೈಲಿನಲ್ಲಿ ಏಣೇಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಈಗ ಭತ್ತದ ಗದ್ದೆಗಳು ಬಹಳ ಕಡೆ ಅಡಿಕೆ ತೋಟಗಳಾಗಿವೆ.

ಅಡಿಕೆಗೆ ಮಳೆಗಾಲದ ಶತ್ರು ಕೊಳೆರೋಗ. ಸತತ ಮಳೆ, ತಂಪು, ಮೋಡ ಮುಚ್ಚಿದ ಹವೆಯಲ್ಲಿ ಫೈಟೊಫ್ತೊರಾ ಎಂಬ ಶಿಲೀಂಧ್ರದಂಥ ಜೀವಿ ಎಳೆಗಾಯಿಗೆ ತಗಲಿ ಗೊನೆಯನ್ನೇ ಉದುರಿಸುತ್ತದೆ. ಮುಂಗಾರಿಗೆ ಮುಂಚೆ ಒಮ್ಮೆ, ನಲವತ್ತು-ನಲವತ್ತೈದು ದಿನಗಳ ನಂತರ ಇನ್ನೊಮ್ಮೆ ಮೈಲುತುತ್ತು ಮತ್ತು ಸುಣ್ಣದ ಬೋರ್ಡೊ ದ್ರಾವಣ ಸಿಂಪಡಿಸಬೇಕು. ಕೃಷಿಕರ ಮಾತಿನಲ್ಲಿ ಇದು ಮದ್ದು ಬಿಡುವುದು. ಎರಡನೇ ಸಲಕ್ಕೆ ಹೊಳವು ಸಿಗದೆ ಹೋದರೆ ಆ ವರ್ಷದ ಬೆಳೆಗೆ ಪೆಟ್ಟು ತಪ್ಪಿದ್ದಲ್ಲ. ಕೊಯಿಲಿನ ಕಾಲಕ್ಕೆ ಚಿಂತೆ ತಿರುಗುಮುರುಗಾಗುತ್ತದೆ: ಹಣ್ಣಡಿಕೆ ಅಂಗಳದಲ್ಲಿ ಒಣಗಲು ಒಂದೂವರೆ ತಿಂಗಳ ಬಿಸಿಲು ಬೇಕು, ನವೆಂಬರ್-ಡಿಸೆಂಬರ್‌ನ ಅಕಾಲಿಕ ಮಳೆ ಬಣ್ಣವನ್ನೂ ಬೆಲೆಯನ್ನೂ ಕೆಡಿಸುತ್ತದೆ.

ತೆಂಗಿನ ಲೆಕ್ಕ ಇನ್ನೂ ದೀರ್ಘ. ಹೂಗೊಂಚಲಿನ ಮೊಳಕೆ ಮರದೊಳಗೆ ಮೂಡಿದಲ್ಲಿಂದ ಕಾಯಿ ಬಲಿಯಲು ಸುಮಾರು 44 ತಿಂಗಳು ಹಿಡಿಯುತ್ತದೆ. ಆದ್ದರಿಂದ ಒಂದು ಬೇಸಗೆಯ ಬರ ಮುಂದಿನ ಮೂರು-ನಾಲ್ಕು ವರ್ಷಗಳ ಇಳುವರಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇಂಥ ಸಂಬಂಧಗಳ ಅಧ್ಯಯನಕ್ಕೆ ಕಾಸರಗೋಡು ಹಳೆಯ ನೆಲೆ. 1916ರಲ್ಲಿ ಮದ್ರಾಸು ಸರಕಾರ ಇಲ್ಲಿ ಸ್ಥಾಪಿಸಿದ ತೆಂಗು ಸಂಶೋಧನಾ ಕೇಂದ್ರವೇ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಪಿಲಿಕ್ಕೋಡಿನಲ್ಲಿ ಕೇರಳ ಕೃಷಿ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರ, ಪಡನ್ನಕ್ಕಾಡಿನಲ್ಲಿ ಅದರ ಕಾಲೇಜು ಇವೆ.

ಗೇರು ಚಳಿಗಾಲದಲ್ಲಿ ಹೂಬಿಡುವ ಬೆಳೆ. ಹೂಬಿಡುವ ಹೊತ್ತಿಗೆ ಮೋಡ ಕವಿದರೆ ಚಹಾ ಸೊಳ್ಳೆಯೆಂಬ ಕೀಟ ಚಿಗುರನ್ನೂ ಹೂವನ್ನೂ ಸುಟ್ಟಂತೆ ಮಾಡುತ್ತದೆ. ಈ ಕೀಟಕ್ಕಾಗಿಯೇ ಸರಕಾರಿ ಒಡೆತನದ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಗುಡ್ಡೆಯ ಮೇಲೆ ಬಿದ್ದ ವಿಷ ಗಾಳಿಯಲ್ಲೂ ನೀರಿನಲ್ಲೂ ಕೆಳಗಿನ ಮನೆಗಳಿಗೆ ಇಳಿಯಿತು. ಎಣ್ಮಕಜೆ ಮತ್ತು ನೆರೆಯ ಪಂಚಾಯತುಗಳ ದುರಂತದ ನಂತರ 2011ರಲ್ಲಿ ಸುಪ್ರೀಂ ಕೋರ್ಟು ಇದರ ಬಳಕೆಯನ್ನು ದೇಶದಾದ್ಯಂತ ತಡೆಯಿತು.

ಕಡಲು

ಮುಂಗಾರಿನ ಅಲೆಗಳ ಕಾಲದಲ್ಲಿ ಯಾಂತ್ರಿಕ ಮೀನುಗಾರಿಕೆ ನಿಲ್ಲುತ್ತದೆ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ. ಮೀನುಗಳು ಮೊಟ್ಟೆಯಿಡುವ ಕಾಲವೂ ಇದೇ. ಉಪ್ಪಳದ ಮೂಸೋಡಿ, ಕುಂಬಳೆಯ ಕೊಯಿಪ್ಪಾಡಿ, ತೃಕ್ಕನ್ನಾಡು ಮೊದಲಾದ ಕಡೆ ಕಡಲ್ಕೊರೆತ ವರ್ಷವರ್ಷವೂ ತೆಂಗಿನ ಮರಗಳನ್ನು, ಮನೆಗಳನ್ನು ನುಂಗುತ್ತದೆ. ಚಂಡಮಾರುತಗಳು ಸಾಮಾನ್ಯವಾಗಿ ತೀರಕ್ಕೆ ಅಪ್ಪಳಿಸದೆ ಉತ್ತರಕ್ಕೆ ಸಾಗುತ್ತವೆ. ಹಾದುಹೋಗುವಾಗಲೇ ಸಾಕಷ್ಟು ಹಾನಿ ಮಾಡುತ್ತವೆ. 2021ರ ಮೇ ನಡುವಿನ ತೌಕ್ತೆ ಚಂಡಮಾರುತ ಗುಜರಾತಿನಲ್ಲಿ ನೆಲ ಮುಟ್ಟುವ ಮುನ್ನ ಕಾಸರಗೋಡಿನ ತೀರದಲ್ಲಿ ಭಾರಿ ಅಲೆಗಳನ್ನೆಬ್ಬಿಸಿತ್ತು.

ಆಚರಣೆಗಳಲ್ಲಿ ಋತು

ಬೇಶ ತಿಂಗಳ ಹತ್ತರಂದು, ಅಂದರೆ ಮೇ 24-25ರ ಸುಮಾರಿಗೆ, ಪತ್ತನಾಜೆ. ಭೂತಕೋಲ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ಅಲ್ಲಿಗೆ ನಿಲ್ಲುತ್ತದೆ. ಜಿಲ್ಲೆಯ ದಕ್ಷಿಣ ಭಾಗದ ತೆಯ್ಯಂಗಳು ತುಲಾ ಹತ್ತರ ಪತ್ತಾಮುದಯದಿಂದ ಆರಂಭವಾಗಿ ಇಡವದಲ್ಲಿ ಮುಗಿಯುತ್ತವೆ. ನೀಲೇಶ್ವರದ ಮನ್ನಂಪುರತ್ತ್ ಕಾವಿನ ಕಲಶದೊಂದಿಗೆ ಆ ಸಾಲಿನ ತೆಯ್ಯಂಗಳಿಗೆ ತೆರೆ ಬೀಳುತ್ತದೆ. ಎರಡೂ ಸಂಪ್ರದಾಯಗಳ ಪಂಚಾಂಗ ಮಳೆಯ ಪಂಚಾಂಗವೇ: ಬಯಲಿನಲ್ಲಿ ರಾತ್ರಿಯಿಡೀ ನಡೆಯುವ ಆರಾಧನೆಗೂ ಆಟಕ್ಕೂ ಒಣ ನೆಲ ಬೇಕು, ಮಳೆಗಾಲದಲ್ಲಿ ಕೈಗಳಿಗೆ ಗದ್ದೆಯ ಕೆಲಸವಿದೆ.

ಆಟಿ ಅಥವಾ ಕರ್ಕಟಕ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಹಿಂದೆ ಕಷ್ಟದ ತಿಂಗಳು. ಕಣಜ ಬರಿದಾಗುತ್ತಿತ್ತು, ಹೊರಗೆ ಕೆಲಸವಿರುತ್ತಿರಲಿಲ್ಲ, ಜ್ವರಗಳು ಹಬ್ಬುತ್ತಿದ್ದವು. ಬೇಸಗೆಯಲ್ಲಿ ಉಪ್ಪಿಗೆ ಹಾಕಿಟ್ಟ ಹಲಸಿನ ಸೊಳೆ, ಮಣ್ಣು ಮೆತ್ತಿ ಜೋಪಾನ ಮಾಡಿದ ಹಲಸಿನ ಬೀಜ, ಕೆಸುವಿನ ಪತ್ರೊಡೆ, ತಗತೆ ಸೊಪ್ಪು ಆಗಿನ ಊಟ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ಕೆತ್ತೆಯ ಕಷಾಯ ಕುಡಿಯುವುದು ಈಗಲೂ ಇದೆ. ಮನೆಮನೆಗೆ ಬಂದು ಮಾರಿ ಕಳೆಯುವ ಆಟಿ ಕಳೆಂಜ ಈ ತಿಂಗಳ ಅತಿಥಿ. ಮಲಯಾಳಿ ಮನೆಗಳಲ್ಲಿ ಔಷಧದ ಗಂಜಿ, ರಾಮಾಯಣ ಪಾರಾಯಣ. ಡೆಂಗಿ, ಇಲಿಜ್ವರಗಳು ಹೆಚ್ಚುವ ಕಾಲ ಇಂದಿಗೂ ಇದೇ ಆಗಿರುವುದರಿಂದ ಆಟಿಯ ಎಚ್ಚರಿಕೆ ಹಳತಾಗಿಲ್ಲ.

ಈಚಿನ ಬದಲಾವಣೆಗಳು

ಅರಬ್ಬೀ ಸಮುದ್ರದ ಮೇಲ್ಮೈ ಬಿಸಿಯಾಗುತ್ತಿದೆ. ಅದರೊಡನೆ ಮಳೆಯ ದಿನಗಳ ಹಂಚಿಕೆಯೂ ಕದಡುತ್ತಿದೆ: ಕಡಿಮೆ ಹೊತ್ತಿನಲ್ಲಿ ಹೆಚ್ಚು ಮಳೆ, ನಡುವೆ ಉದ್ದನೆಯ ಬಿಡುವು. ಕೊರತೆಯ ವರ್ಷಗಳೂ ಬರುತ್ತಿವೆ. 2016ರಲ್ಲಿ ಎರಡೂ ಮಾನ್ಸೂನ್ ಕೈಕೊಟ್ಟು, ಅಕ್ಟೋಬರ್ 31ರಂದು ಕೇರಳದ 14 ಜಿಲ್ಲೆಗಳನ್ನೂ ಬರಪೀಡಿತ ಎಂದು ಘೋಷಿಸಲಾಯಿತು. 2023ರ ಮುಂಗಾರು ರಾಜ್ಯದಲ್ಲಿ ಶೇಕಡ 34ರಷ್ಟು ಕೊರತೆ ತೋರಿಸಿತು. ಇನ್ನೊಂದು ಕಡೆ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕೆ ಮುರಕಲ್ಲಿನ ಗುಡ್ಡೆಗಳನ್ನು ನೆಟ್ಟಗೆ ಕಡಿದ ಕಡೆ ಮಣ್ಣು ಕುಸಿಯುತ್ತಿದೆ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲ ಗುಡ್ಡೆ ಹೆದ್ದಾರಿಯ ಮೇಲೆ ಜಾರಿತು. ಮಳೆಯ ಅಳತೆ ಮಾತ್ರ ಸುಧಾರಿಸಿದೆ: ಬಾಯಾರು, ಮುಳ್ಳೇರಿಯ, ವೆಳ್ಳರಿಕುಂಡ್ ಮೊದಲಾದ ಕಡೆ ಸ್ವಯಂಚಾಲಿತ ಹವಾಮಾನ ಕೇಂದ್ರಗಳು ಬಂದ ಮೇಲೆ, ಕರಾವಳಿಯ ಅಂಕಿಯನ್ನೇ ಮಲೆನಾಡಿಗೂ ಅನ್ವಯಿಸುವ ಹಳೆಯ ತೊಡಕು ಕಡಿಮೆಯಾಗಿದೆ.

ಮಳೆ ಕೆಟ್ಟ ವರ್ಷದಲ್ಲೂ ಕಾಸರಗೋಡಿಗೆ ದೇಶದ ಸರಾಸರಿಯ ಎರಡರಷ್ಟಕ್ಕಿಂತ ಹೆಚ್ಚು ನೀರು ಆಕಾಶದಿಂದ ಬೀಳುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲಬೇಕಾಗುವುದಕ್ಕೆ ಮಳೆಯನ್ನು ದೂರಿ ಫಲವಿಲ್ಲ. ಹಿರಿಯರು ಗುಡ್ಡೆಯಲ್ಲಿ, ತೋಡಿನಲ್ಲಿ, ಬೈಲಿನಲ್ಲಿ ನೀರು ನಿಲ್ಲಿಸಿದ್ದ ಜಾಗಗಳು ಇನ್ನೂ ಇವೆ. ಅವುಗಳನ್ನು ಮತ್ತೆ ನೀರಿಗೆ ಬಿಟ್ಟುಕೊಡುವುದು ಪಂಚಾಯತುಗಳಿಗೂ ತೋಟದವರಿಗೂ ಸೇರಿದ ಕೆಲಸ.